ಪೆಟ್ರೋಲ್ ಮುಚ್ಚಳದ ಬಣ್ಣ

ಗುರುವಾರ ಸಂಜೆ ಪಪ್ಪ ಕೆಲಸದಿಂದ ಬರುವಾಗ ಯಾರದೋ ಕಾರಿನ ಪೆಟ್ರೋಲ್ ಮುಚ್ಚಳವನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದರು. ಇಪ್ಪತ್ತಾರು ವರ್ಷದಲ್ಲಿ ಅವರು ಕೆಲಸವನ್ನು ಮನೆಗೆ ತಂದದ್ದು ಅದೇ ಮೊದಲ ಸಲ.

ಪಪ್ಪ ಕುವೈತಿನ ಶುವೈಖ್ ಎಂಬಲ್ಲಿ ಒಂದು ಗ್ಯಾರೇಜಿನಲ್ಲಿ ಬಣ್ಣ ಕಲಸುತ್ತಾರೆ. ಗುದ್ದಿಸಿಕೊಂಡು ಬಂದ ಕಾರಿನ ಒಂದು ಬಾಗಿಲಿಗೆ ಮಾತ್ರ ಬಣ್ಣ ಹೊಡೆಯಬೇಕಾದಾಗ ಅದು ಉಳಿದ ಮೈಯೊಂದಿಗೆ ಸೇರಬೇಕು. ಸೇರದಿದ್ದರೆ ಅಂಗಿಗೆ ತೇಪೆ ಹಾಕಿದ ಹಾಗೆ ದೂರದಿಂದಲೇ ಕಾಣುತ್ತದೆ. ಇಡೀ ಕಾರನ್ನು ಡಬ್ಬಗಳ ಮೇಜಿನ ಹತ್ತಿರ ಒಯ್ಯಲಾಗುವುದಿಲ್ಲವಲ್ಲ, ಹಾಗಾಗಿ ಪೆಟ್ರೋಲ್ ತುಂಬುವ ಬಾಯಿಗಿರುವ ಅಂಗೈಯಗಲದ ಮುಚ್ಚಳವನ್ನು ಬಿಚ್ಚಿಕೊಳ್ಳುತ್ತಾರೆ. ಅದನ್ನು ಉಜ್ಜಿ ಹೊಳಪು ಬರಿಸಿ, ಎದುರಿಗಿಟ್ಟುಕೊಂಡು ಹನಿ ಹನಿಯಾಗಿ ಬಣ್ಣ ಕಲಸಿ, ಒಂದು ರಟ್ಟಿನ ಕಾರ್ಡಿಗೆ ಸ್ಪ್ರೇ ಮಾಡಿ, ಒಣಗಿಸಿ, ಮುಚ್ಚಳದ ಪಕ್ಕ ಹಿಡಿದು ನೋಡುತ್ತಾರೆ. ಎರಡರ ನಡುವಿನ ಗೆರೆ ಕಾಣದೇ ಹೋದರೆ ಬಣ್ಣ ಸೇರಿತು ಎಂದರ್ಥ. ಆಮೇಲಿನ ಕೆಲಸ ಶಬೀರಣ್ಣನದು. ಸ್ಪ್ರೇ ಗನ್ ಹಿಡಿದು ಬಾಗಿಲಿಗೆ ಹೊಡೆಯುವವರು ಅವರು.

"ಅನ್ವೀ, ಬಾ ಇಲ್ಲಿ. ಇದೊಂದು ನೋಡು," ಎಂದು ಪಪ್ಪ ಬಾಲ್ಕನಿಯಿಂದ ಕರೆದರು.

ಮಧ್ಯಾಹ್ನದಿಂದ ತೂಝ್ ಎದ್ದಿತ್ತು, ಮರಳುಗಾಡಿನ ಧೂಳುಗಾಳಿ. ನಾವಿರುವ ಹವಲ್ಲಿಯ ಕಟ್ಟಡಗಳೆಲ್ಲ ಚಹಾದಲ್ಲಿ ಅದ್ದಿ ತೆಗೆದ ರಸ್ಕಿನಂತಾಗಿದ್ದವು. ಎದುರಿನ ಮೊಬೈಲ್ ಅಂಗಡಿಯವನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಶಟರ್ ಅರ್ಧಕ್ಕೆ ಎಳೆದಿದ್ದ. ಪಪ್ಪ ಒಂದು ಕೈಯಲ್ಲಿ ಮುಚ್ಚಳ, ಇನ್ನೊಂದರಲ್ಲಿ ಕಾರ್ಡು ಹಿಡಿದು ಎರಡನ್ನೂ ಅಂಚಿಗೆ ಅಂಚು ತಾಗಿಸಿ ನನ್ನ ಮುಂದೆ ಚಾಚಿದರು.

"ನಿನ್ನೆ ಕಲಸಿದ್ದು. ಒಂದೇ ಅಲ್ವಾ?"

ಎರಡೂ ಬಿಳಿ. ಕಾರ್ಡು ಒಂದು ಕೂದಲೆಳೆ ತಣ್ಣಗಿದೆಯೇನೋ, ನೀಲಿಯ ಕಡೆ ವಾಲಿದೆಯೇನೋ ಎಂದು ನನಗನ್ನಿಸಿತು. ಆದರೆ ಪಪ್ಪ ಕಾರ್ಡನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನು ನೋಡುತ್ತಿದ್ದರು. ಶುವೈಖಿನಲ್ಲಿ ಎಲ್ಲರೂ 'ರಂಗ್ ಮಾಸ್ಟರ್' ಎಂದು ಕರೆಯುವ ಮನುಷ್ಯ, ಡಬ್ಬದೊಳಗೆ ಕಡ್ಡಿ ಅದ್ದಿ ನೋಡಿ ಕಾರಿನ ಕಂಪನಿ ಹೇಳುವ ಮನುಷ್ಯ, ನನ್ನನ್ನು ಕೇಳುತ್ತಿದ್ದಾರೆ.

"ಹೌದು ಪಪ್ಪ, ಒಂದೇ," ಎಂದೆ.

ಅವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಆ ದಿನ ಡೈರಿಯಲ್ಲಿ 'ಒಂದೇ ಅಂದೆ' ಎಂದಷ್ಟೇ ಬರೆದೆ. ಮುಂದಕ್ಕೆ ಪೆನ್ನು ಹೋಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ರಜೆಯ ದಿನವಾದ್ದರಿಂದ ಪಪ್ಪ ಇನ್ನೂ ಮಲಗಿದ್ದರು. ಟವೆಲು ಬಿಚ್ಚಿ ಮುಚ್ಚಳವನ್ನೂ ಕಾರ್ಡನ್ನೂ ಬಾಲ್ಕನಿಯ ಬಿಸಿಲಿಗೆ ಹಿಡಿದೆ. ಮುಚ್ಚಳ ಕಾಯಿಸಿದ ಹಾಲಿನ ಕೆನೆ. ಕಾರ್ಡು ನೀಲಿ ಹಾಕಿ ಒಗೆದ ಬನಿಯನ್. ನಡುವಿನ ಗೆರೆ ಕುರುಡರಿಗೂ ಕಾಣುವಂತಿತ್ತು.

ಡಿಗ್ರಿಯಲ್ಲಿ ನಮಗೆ ಬೆಳಕಿನ ಪಾಠ ಮಾಡಿದ ಮೇಡಂ ಹೇಳುತ್ತಿದ್ದರು: ಯಾವ ವಸ್ತುವೂ ಬಣ್ಣವನ್ನು ತನ್ನೊಳಗೆ ಇಟ್ಟುಕೊಂಡಿರುವುದಿಲ್ಲ. ಮೇಲೆ ಬಿದ್ದ ಬೆಳಕಿನಲ್ಲಿ ಒಂದಿಷ್ಟನ್ನು ನುಂಗಿ, ಬೇಡವಾದದ್ದನ್ನು ಹಿಂದಕ್ಕೆ ಕಳಿಸುತ್ತದೆ. ಹಾಗೆ ಬೇಡವೆಂದು ಕಳಿಸಿದ್ದನ್ನೇ ನಾವು ಅದರ ಬಣ್ಣ ಎನ್ನುತ್ತೇವೆ. ಬಿದ್ದ ಬೆಳಕಿನಲ್ಲೇ ನೀಲಿ ಇಲ್ಲದಿದ್ದರೆ ವಸ್ತು ಎಲ್ಲಿಂದ ತಂದು ಕಳಿಸೀತು? ಗುರುವಾರ ಸಂಜೆ ತೂಝ್ ನೀಲಿಯನ್ನೆಲ್ಲ ದಾರಿಯಲ್ಲೇ ತಡೆದಿತ್ತು. ಅದಕ್ಕೇ ಕಾರ್ಡೂ ಮುಚ್ಚಳವೂ ಒಂದೇ ತಾಯಿಯ ಮಕ್ಕಳಂತೆ ಕಂಡವು.

ಇಷ್ಟು ಹೊಳೆದಾಗ ಒಂದು ಗಳಿಗೆ ನಿರಾಳವಾಯಿತು. ತಪ್ಪು ನನ್ನದಲ್ಲ, ಧೂಳಿನದು. ಮರುಗಳಿಗೆ ಇನ್ನೊಂದು ಹೊಳೆಯಿತು. ಪಪ್ಪ ಆ ಕಾರ್ಡನ್ನು ಮಾಡಿದ್ದು ಬುಧವಾರ. ಬುಧವಾರ ತೂಝ್ ಇರಲಿಲ್ಲ. ಚಿಕ್ಕಂದಿನಿಂದ ಕೇಳಿದ್ದೇನೆ, ಪಪ್ಪ ಯಾವ ಕಾರ್ಡನ್ನೂ ಬಿಸಿಲಿಗೆ ಒಯ್ದು ನೋಡದೆ ಬಿಡುವವರಲ್ಲ. ಬುಧವಾರದ ಬಿಸಿಲಿನಲ್ಲೂ ಅವರಿಗೆ ಗೆರೆ ಕಾಣಲಿಲ್ಲ. ಹಾಗಾದರೆ ತೂಝ್ ಹೊರಗಲ್ಲ, ಅವರ ಕಣ್ಣೊಳಗೇ ಇದೆ.

ಅಮ್ಮ ಅಡುಗೆಮನೆಯಲ್ಲಿ ಮೀನು ಕೊಯ್ಯುತ್ತಿದ್ದಳು. ಬಾಗಿಲಿಗೆ ಒರಗಿ ನಿಂತು, ಎರಡು ಸಲ ಗಂಟಲು ಸರಿಮಾಡಿಕೊಂಡು, "ಅಮ್ಮ, ಪಪ್ಪನಿಗೆ ಬಣ್ಣ ಸರಿ ಕಾಣ್ತಾ ಇಲ್ಲ," ಎಂದೆ.

ಅಮ್ಮನ ಕತ್ತಿ ನಿಲ್ಲಲಿಲ್ಲ. "ಗೊತ್ತುಂಟು."

"ಗೊತ್ತುಂಟಾ?"

"ನೀನು ಫಿಸಿಕ್ಸ್ ಓದಿ ತಿಳ್ಕೊಂಡದ್ದನ್ನು ನಾನು ಕಾಲುಚೀಲ ಒಗೆದು ತಿಳ್ಕೊಂಡೆ. ಆರು ತಿಂಗಳಾಯ್ತು, ಒಂದು ಕಾಲಿಗೆ ಕಪ್ಪು, ಒಂದು ಕಾಲಿಗೆ ಕಡು ನೀಲಿ ಹಾಕ್ಕೊಂಡು ಹೋಗ್ತಾರೆ. ನೀಲಿದಕ್ಕೆಲ್ಲ ಒಳಗಿಂದ ಒಂದು ದಾರ ಕಟ್ಟಿಟ್ಟಿದ್ದೇನೆ, ಕೈಗೆ ಸಿಕ್ಕಿದ್ರೆ ಗೊತ್ತಾಗ್ಲಿ ಅಂತ."

"ಮತ್ತೆ ನೀನು ಯಾಕೆ ಹೇಳ್ಲಿಲ್ಲ?"

"ಇಕಾಮಾ ಬರುವ ತಿಂಗಳು ಹದಿನೈದಕ್ಕೆ ಮುಗೀತದೆ. ರಿನ್ಯೂ ಆಗ್ಲಿ. ಆಮೇಲೆ ಡಾಕ್ಟ್ರು, ಆಪರೇಶನ್, ಎಂತ ಬೇಕಾದ್ರೂ ಮಾಡುವ. ಈಗ ಬಾಯಿ ಬಿಟ್ರೆ ಮುದೀರ್‌ನ ಕೈಗೆ ನಾವೇ ಕತ್ತಿ ಕೊಟ್ಟ ಹಾಗೆ."

ಇಕಾಮಾ ಎಂದರೆ ಈ ದೇಶದಲ್ಲಿರಲು ಕೊಡುವ ಪರವಾನಗಿ, ಮುದೀರ್ ಎಂದರೆ ಗ್ಯಾರೇಜಿನ ಮ್ಯಾನೇಜರ್. ಅವನು ಪಪ್ಪನಿಗೆ ಹೇಳಿದ್ದನ್ನು ಪಪ್ಪ ನಮಗೆ ನಗುತ್ತಲೇ ಹೇಳಿದ್ದರು. ಎರಡು ತಿಂಗಳಲ್ಲಿ ಎರಡು ಕಾರು ವಾಪಸ್ ಬಂದಿವೆ, ಒಂದು ಬೆಳ್ಳಿ ಬಂಪರು, ಒಂದು ನೀಲಿ ಬಾನೆಟ್ಟು. ಮೂರನೆಯದು ಬಂದರೆ ಖಲಾಸ್. ನೀಲಿ ಬಾನೆಟ್ಟಿನ ಸಲುವಾಗಿ ಪಪ್ಪ ಶಬೀರಣ್ಣನ ಮೇಲೆ ರೇಗಿ, ದಪ್ಪ ಹೊಡೆದು ಹಾಳು ಮಾಡಿದೆ ಎಂದು ಬೈದು, ಒಂದು ವಾರ ಮಾತು ಬಿಟ್ಟಿದ್ದರು. ಪಪ್ಪನ ಇಕಾಮಾ ಹೋದರೆ ಅವರ ಮೇಲೆ ನಿಂತಿರುವ ಅಮ್ಮನದೂ ನನ್ನದೂ ಹೋಗುತ್ತದೆ. ನಾನು ಹುಟ್ಟಿದ್ದು ಇಲ್ಲಿ. ಡಿಗ್ರಿಯ ಮೂರು ವರ್ಷ ಬಿಟ್ಟರೆ ಬೇರೆ ಕಡೆ ಬದುಕಿದ್ದೇ ಇಲ್ಲ.

"ಆದ್ರೆ ಅಮ್ಮ, ನಾಳೆ ಆ ಕಾರಿಗೆ ಹೊಡೀತಾರೆ."

"ನೀನೇ ನೋಡಿ ಸರಿ ಉಂಟು ಅಂದಿಯಂತೆ?" ಅಮ್ಮ ಮೊದಲ ಸಲ ತಲೆಯೆತ್ತಿದಳು. "ನಿನ್ನೆ ಊಟಕ್ಕೆ ಕೂತವರು ಅದನ್ನೇ ಹೇಳಿದ್ದು. ಮಗಳು ಪಾಸ್ ಮಾಡಿದ್ಳು ಅಂತ. ಇಷ್ಟು ದಿನದಲ್ಲಿ ಅವರು ಎರಡನೇ ಸಲ ಅನ್ನ ಹಾಕಿಸ್ಕೊಂಡದ್ದು ನಿನ್ನೆ ಮಾತ್ರ."

ನಾನು ಬಾಲ್ಕನಿಗೆ ಹೋಗಿ ಮುಚ್ಚಳವನ್ನೂ ಕಾರ್ಡನ್ನೂ ಮತ್ತೆ ಟವೆಲಿನಲ್ಲಿ ಸುತ್ತಿಟ್ಟೆ.

ಎದ್ದು ಬಂದ ಪಪ್ಪ ಇಡೀ ದಿನ ಖುಷಿಯಲ್ಲಿದ್ದರು. ಸೋಫಾದಲ್ಲಿ ಕೂತು ಕಾರಿನ ಕಥೆ ಹೇಳಿದರು. ಮೂವತ್ತೈದು ವರ್ಷ ಹಳೆಯ ಬಿಳಿ ಕಾರು. ತೀರಿಹೋದ ತನ್ನ ಅಪ್ಪ ಓಡಿಸುತ್ತಿದ್ದದ್ದೆಂದು ಆ ಕುವೈತಿ ಮುದುಕ ಅದನ್ನು ಜೋಪಾನ ಮಾಡಿಕೊಂಡು ಬಂದಿದ್ದಾನೆ. ಒಂದು ವ್ಯಾನು ರಿವರ್ಸ್ ಬರುವಾಗ ಬಾಗಿಲಿಗೆ ಗುದ್ದಿತು.

"ಬಂದವನೇ ಎಂತ ಹೇಳಿದ ಗೊತ್ತುಂಟಾ? ನನಗೆ ಹೊಸ ಬಾಗಿಲು ಬೇಡ, ನನ್ನ ಅಪ್ಪನ ಬಾಗಿಲು ಬೇಕು ಅಂತ. ಮುದೀರ್ ಒಂದು ಮೆಷಿನ್ ತಂದಿದ್ದಾನಲ್ಲ, ಬಣ್ಣಕ್ಕೆ ಒತ್ತಿ ಹಿಡಿದ್ರೆ ಲೆಕ್ಕ ಹೇಳುವುದು. ಅದು ಇದಕ್ಕೆ ಮೂರು ಸಲ ಮೂರು ಲೆಕ್ಕ ಹೇಳಿತು. ಅದಕ್ಕೆ ಕಂಪನಿಯ ಬಣ್ಣ ಗೊತ್ತು ಮಗಾ, ಬಿಸಿಲು ತಿಂದ ಬಣ್ಣ ಗೊತ್ತಿಲ್ಲ. ಬಿಸಿಲು ಎಷ್ಟು ತಿಂದಿದೆ, ಎಲ್ಲಿ ತಿಂದಿದೆ, ಅದನ್ನು ಕಣ್ಣೇ ಹೇಳ್ಬೇಕು."

ಚಿಕ್ಕವಳಿದ್ದಾಗ ನಾನು ಬಿಳಿ ಎಂದರೆ ಯಾವ ಬಣ್ಣ ಎಂದು ಕೇಳಿದ್ದೆನಂತೆ. ಬಿಳಿ ಅಂದ್ರೆ ಸುಳ್ಳು ಮಗಾ, ಒಂದು ಹನಿ ಕಪ್ಪು, ಒಂದು ಹನಿ ಹಳದಿ ಹಾಕದೆ ಯಾವ ಬಿಳಿಯೂ ಬಿಳಿ ಆಗುದಿಲ್ಲ ಅಂದಿದ್ದರಂತೆ. ಈಗಲೂ ಅದನ್ನೇ ಹೇಳಿ ನಕ್ಕರು. ನಾನು ಮೂರು ಸಲ ಬಾಯಿ ತೆರೆದೆ. ಒಂದು ಸಲ ನೀರು ಬೇಕಾ ಎಂದು ಕೇಳಿದೆ. ಇನ್ನೊಂದು ಸಲ ಎ.ಸಿ. ಹೆಚ್ಚಾಯ್ತಾ ಎಂದು ಕೇಳಿದೆ. ಮೂರನೆಯ ಸಲ ಎದ್ದು ಅಡುಗೆಮನೆಗೆ ಹೋದೆ.

ಹೇಳಲಾಗದ್ದನ್ನು ಬರೆಯುವುದು ನನಗೆ ಅಭ್ಯಾಸ. ಶನಿವಾರ ಬೆಳಿಗ್ಗೆ ಐದೂವರೆಗೆ ಎದ್ದು ಡೈರಿಯಿಂದ ಒಂದು ಹಾಳೆ ಹರಿದು ಬರೆದೆ: 'ಪಪ್ಪ, ನಾನು ಒಂದೇ ಅಂದದ್ದು ತಪ್ಪು. ಕಾರ್ಡು ನೀಲಿಯ ಕಡೆಗಿದೆ. ಅದು ನಿಮಗೆ ಕಾಣದಿರುವುದು ನಿಮ್ಮ ತಪ್ಪಲ್ಲ. ವಯಸ್ಸಾದಂತೆ ಕಣ್ಣಿನಲ್ಲಿ ಹಳದಿ ಪೊರೆ ಬಂದರೆ ಹೀಗಾಗುತ್ತದಂತೆ. ಮುಚ್ಚಳವನ್ನೂ ಕಾರ್ಡನ್ನೂ ಒಂದೇ ಹಳದಿ ಗಾಜಿನಿಂದ ನೋಡಿದ ಹಾಗೆ. ಡಾಕ್ಟರ ಹತ್ತಿರ ಹೋಗೋಣ.' ನಾಲ್ಕಾಗಿ ಮಡಚಿ ಅವರ ಊಟದ ಚೀಲದೊಳಗೆ, ಡಬ್ಬಿಯ ಕೆಳಗೆ ಇಟ್ಟೆ. ಪಪ್ಪ ಮುಚ್ಚಳ, ಕಾರ್ಡು, ಚೀಲ ಎಲ್ಲವನ್ನೂ ಎತ್ತಿಕೊಂಡು ಹೊರಟುಹೋದರು.

ಎಂಟೂವರೆಗೆ ಬಟ್ಟೆ ಒಣಹಾಕುತ್ತಿದ್ದಾಗ ನನ್ನ ದಡ್ಡತನ ಹೊಳೆಯಿತು. ಪಪ್ಪ ಊಟದ ಚೀಲ ತೆರೆಯುವುದು ಹನ್ನೆರಡೂವರೆಗೆ. ಅಷ್ಟರಲ್ಲಿ ಬಾಗಿಲಿಗೆ ಬಣ್ಣ ಬಿದ್ದಿರುತ್ತದೆ. ಪಪ್ಪನಿಗೆ ಫೋನ್ ಮಾಡಿದೆ. ಕಲಸುವ ಹೊತ್ತಿಗೆ ಅವರು ಫೋನನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕುತ್ತಾರೆ. ಏಳು ಸಲ ರಿಂಗಾಗಿ ನಿಂತಿತು. ಅಮ್ಮನ ಫೋನಿನಿಂದ ಶಬೀರಣ್ಣನ ನಂಬರ್ ಹುಡುಕಿ ಒತ್ತಿದೆ.

"ಓ, ಅನ್ವಿತಾ! ನೀನು ಫೋನ್ ಮಾಡುದೂ ಉಂಟಾ? ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ ಮಾರಾಯ್ತಿ?"

"ಶಬೀರಣ್ಣ, ಆ ಬಿಳಿ ಕಾರಿನ ಬಾಗಿಲಿಗೆ ಬಣ್ಣ ಹೊಡೆದಾಯ್ತಾ?"

"ಇಲ್ಲ, ಪ್ರೈಮರ್ ಒಣಗ್ತಾ ಉಂಟು. ಹತ್ತು ಗಂಟೆಗೆ ಶುರು ಮಾಡುದು. ಯಾಕೆ?"

ಆಗ ಹೇಳಬಹುದಿತ್ತು. ಆದರೆ ಶಬೀರಣ್ಣನಿಗೆ ಹೇಳುವುದೆಂದರೆ ಪಪ್ಪನ ಕಣ್ಣನ್ನು ಅವರ ಕೆಲಸದ ಜಾಗದಲ್ಲಿ ಇನ್ನೊಬ್ಬರ ಕೈಗೆ ಕೊಡುವುದು. "ಸುಮ್ಮನೆ," ಎಂದು ಫೋನಿಟ್ಟೆ. ಅಮ್ಮನಿಗೆ, "ಲೈಬ್ರರಿಗೆ ಹೋಗಿ ಬರ್ತೇನೆ," ಎಂದೆ. ಅಮ್ಮ ನನ್ನ ಚಪ್ಪಲಿ ನೋಡಿದಳು, ಒಂದು ಮನೆಯೊಳಗೆ ಹಾಕುವುದು, ಇನ್ನೊಂದು ಹೊರಗಿನದು. ಬದಲಾಯಿಸಿಕೊಂಡು ಓಡಿದೆ.

ನಮ್ಮ ಕಟ್ಟಡದ ಕೆಳಗೆ ಪುತ್ತಬ್ಬಾಕ ಟ್ಯಾಕ್ಸಿ ನಿಲ್ಲಿಸಿಕೊಂಡು ಪೇಪರ್ ಓದುತ್ತಾರೆ. ಉಪ್ಪಿನಂಗಡಿ ಕಡೆಯವರು, ಅರವತ್ತು ದಾಟಿದವರು. ಅಮ್ಮನನ್ನು ಎಷ್ಟೋ ಸಲ ಆಸ್ಪತ್ರೆಗೆ ಕರೆದುಕೊಂಡು ಹೋದವರು.

"ಶುವೈಖಿಗಾ? ಒಬ್ಳೇ? ಎಂತ, ಕಾರ್ ತೆಗೀಲಿಕ್ಕಾ?"

"ಪಪ್ಪ ಒಂದು ಸಾಮಾನು ಮರ್ತು ಹೋಗಿದ್ದಾರೆ ಪುತ್ತಬ್ಬಾಕ. ಹತ್ತು ಗಂಟೆಯ ಒಳಗೆ ಕೊಡ್ಬೇಕು."

ಅವರು ಕನ್ನಡಿಯಲ್ಲಿ ನನ್ನ ಖಾಲಿ ಕೈಗಳನ್ನು ನೋಡಿದರು. "ಸಣ್ಣ ಸಾಮಾನು ಅಂತ ಕಾಣ್ತದೆ," ಎಂದು ಗೇರ್ ಹಾಕಿದರು.

ದಾರಿಯುದ್ದಕ್ಕೂ ಬಿಳಿ ಕಾರುಗಳು. ಈ ಊರಿನಲ್ಲಿ ಬಿಸಿಲಿಗೆ ಹೆದರಿ ಎಲ್ಲರೂ ಬಿಳಿಯನ್ನೇ ಕೊಳ್ಳುತ್ತಾರೆ. ಆ ದಿನ ಮೊದಲ ಸಲ ಅವು ಬೇರೆ ಬೇರೆಯಾಗಿ ಕಂಡವು. ಒಂದು ಮೊಟ್ಟೆಯದು, ಒಂದು ಸುಣ್ಣದ್ದು, ಒಂದು ಮುತ್ತಿನದು. ಪಪ್ಪನಿಗೆ ಇವೆಲ್ಲ ಈಗ ಒಂದೇ ಇರಬೇಕು. ಯಾವಾಗಿನಿಂದ? ಸಿಗ್ನಲ್ಲಿನಲ್ಲಿ ನಿಂತಾಗ ಒಂಬತ್ತು ಮುಕ್ಕಾಲು. ಏನು ಹೇಳಬೇಕೆಂದು ಮನಸ್ಸಿನಲ್ಲೇ ಬರೆದು ಹೊಡೆದು ಬರೆದು ಹೊಡೆದು, ಗ್ಯಾರೇಜಿನ ಮುಂದೆ ಇಳಿಯುವಾಗ ಒಂದು ವಾಕ್ಯವೂ ಉಳಿದಿರಲಿಲ್ಲ.

ಒಳಗೆ ತಿನ್ನರಿನ ಘಾಟು. ಬಿಳಿ ಕಾರು ಮೈತುಂಬ ಪೇಪರ್ ಅಂಟಿಸಿಕೊಂಡು ಒಂದು ಬಾಗಿಲನ್ನು ಮಾತ್ರ ಹೊರಗೆ ಬಿಟ್ಟು ನಿಂತಿತ್ತು. ಶಬೀರಣ್ಣ ಮಾಸ್ಕ್ ಹಾಕಿ, ಗನ್ನಿಗೆ ಬಣ್ಣ ಸೋಸಿ ತುಂಬುತ್ತಿದ್ದರು. ಪಪ್ಪ ನನ್ನನ್ನು ನೋಡಿ ಗಾಬರಿಯಿಂದ ಎದ್ದು ಬಂದರು.

"ಎಂತಾಯ್ತು? ಅಮ್ಮನಿಗೆ ಎಂತಾದ್ರೂ ಆಯ್ತಾ?"

"ಇಲ್ಲ ಪಪ್ಪ." ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. "ನಿಲ್ಲಿಸ್ಲಿಕ್ಕೆ ಹೇಳಿ. ಅದು ಒಂದೇ ಅಲ್ಲ."

"ಯಾವುದು?"

"ಕಾರ್ಡು. ನಿನ್ನೆ ಬಿಸಿಲಲ್ಲಿ ನೋಡಿದೆ. ಒಂದೇ ಅಲ್ಲ."

ಶಬೀರಣ್ಣ ಗನ್ ಕೆಳಗಿಟ್ಟರು. ಗಾಜಿನ ಕೋಣೆಯೊಳಗಿಂದ ಮುದೀರ್ ಕಾಫಿಯ ಲೋಟ ಹಿಡಿದುಕೊಂಡೇ ಹೊರಗೆ ಬಂದ. "ಕ್ಯಾ ಮುಶ್ಕಿಲ್, ಪುರಂದರ್? ಯೇ ಕೌನ್?"

ಪಪ್ಪನ ಮುಖದ ರಕ್ತ ಇಳಿದುಹೋದದ್ದನ್ನು ನಾನು ನೋಡಿದೆ. ಅಪರಿಚಿತರ ಎದುರು ಹೆಸರು ಹೇಳಲಿಕ್ಕೂ ತೊದಲುವವಳು ನಾನು. ಆದರೆ ಆ ಗಳಿಗೆಯಲ್ಲಿ ಬಾಯಿ ತನ್ನಷ್ಟಕ್ಕೆ ಒಂದು ದಾರಿ ಹುಡುಕಿಕೊಂಡಿತು. "ತೂಝ್," ಎಂದೆ, ಹರಕು ಹಿಂದಿಯಲ್ಲಿ. "ಗುರುವಾರ ತೂಝ್ ಇತ್ತಲ್ಲ ಸರ್, ಆ ಬೆಳಕಿನಲ್ಲಿ ನೋಡಿದ್ದು. ಅದಕ್ಕೆ ಬಣ್ಣ ತಪ್ಪಾಗಿ ಕಂಡಿತು. ಪಪ್ಪ ಇನ್ನೊಮ್ಮೆ ನೋಡ್ತಾರೆ."

ಮುದೀರ್ ಪಪ್ಪನನ್ನೂ ನನ್ನನ್ನೂ ನೋಡಿ, ಗಡಿಯಾರ ನೋಡಿ, "ಹನ್ನೆರಡರೊಳಗೆ ಮುಗಿಸು. ಯಲ್ಲಾ," ಎಂದು ಒಳಗೆ ಹೋದ.

ಪಪ್ಪ ಮುಚ್ಚಳವನ್ನೂ ಕಾರ್ಡನ್ನೂ ಹೊರಗೆ ಬಿಸಿಲಿಗೆ ಒಯ್ದರು. ಹಿಂದೆಯೇ ಹೋದೆ. ನೇರ ಹಿಡಿದರು, ಓರೆಯಾಗಿ ಹಿಡಿದರು, ಕಣ್ಣು ಕಿರಿದು ಮಾಡಿದರು, ಬೆನ್ನು ತಿರುಗಿಸಿ ನೆರಳಿನಲ್ಲಿ ನೋಡಿದರು. ಕೊನೆಗೆ ನನ್ನ ಕಡೆ ನೋಡದೆ, ಬಹಳ ಮೆಲ್ಲಗೆ ಕೇಳಿದರು.

"ಎಂತ ಕಡಿಮೆ ಉಂಟು?"

"ಹಳದಿ. ಕಾರ್ಡು ತಣ್ಣಗಿದೆ."

ಅವರು ಮೇಜಿಗೆ ಬಂದು ಡಬ್ಬ ತೆರೆದರು. ಆಕ್ಸೈಡ್ ಹಳದಿ ಎರಡು ಹನಿ, ಸೂಜಿಯ ಮೊನೆಯಷ್ಟು ಕೆಂಪು. ಕಲಸಿ ಕಾರ್ಡಿಗೆ ಹೊಡೆದು ಒಣಗಿಸಿ ಕೊಟ್ಟರು. ನಾನು ಬಿಸಿಲಿಗೆ ಓಡಿದೆ. "ಇನ್ನೂ ಬೇಕು." ಮತ್ತೊಂದು. "ಈಗ ಹೆಚ್ಚಾಯ್ತು. ಬೆಣ್ಣೆಯ ಹಾಗೆ ಕಾಣ್ತದೆ." ಅವರು ಒಂದು ಚಮಚ ಬಿಳಿ ಸುರಿದು, ಕಪ್ಪನ್ನು ಕಡ್ಡಿಯ ತುದಿಯಲ್ಲಿ ಮುಟ್ಟಿಸಿದರು. ನಾನು ನೋಡಿದ್ದಕ್ಕೆ ಹೆಸರು ನನ್ನ ಬಳಿ ಇರಲಿಲ್ಲ. ಕೆನೆ, ಬೆಣ್ಣೆ, ಅನ್ನದ ಗಂಜಿ ಎಂದು ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಅವರಿಗೆ ಕಾಣುತ್ತಿರಲಿಲ್ಲ, ಆದರೆ ನನ್ನ ಗಂಜಿಯಲ್ಲಿ ಯಾವ ಡಬ್ಬ ಎಷ್ಟು ಹನಿ ಎಂದು ಅವರಿಗೆ ಗೊತ್ತಿತ್ತು.

ಶಬೀರಣ್ಣ ಗೋಡೆಗೆ ಒರಗಿ ನೋಡುತ್ತಿದ್ದರು. "ಪುರಂದರಣ್ಣ, ನಾಳೆ ಇವಳಿಗೆ ಗಂಡು ನೋಡುವಾಗ್ಲೂ ಇಷ್ಟು ಕಾರ್ಡ್ ಹೊಡೀಲಿಕ್ಕುಂಟಾ?"

"ನಿನ್ನ ಕೆಲಸ ನೋಡು ಮಾರಾಯ," ಎಂದರು ಪಪ್ಪ, ನಗದೆ.

ಆರನೆಯ ಕಾರ್ಡಿನಲ್ಲಿ ಗೆರೆ ಮಾಯವಾಯಿತು. ಮತ್ತೆ ಮತ್ತೆ ತಿರುಗಿಸಿ ನೋಡಿದೆ. "ಪಪ್ಪ, ಒಂದೇ."

ಪಪ್ಪ ಕಾರ್ಡು ತೆಗೆದುಕೊಂಡು ಶಬೀರಣ್ಣನ ಕಡೆ ಚಾಚಿದರು. "ನೀನೊಮ್ಮೆ ನೋಡು."

ನನಗೆ ಕೆನ್ನೆಗೆ ಹೊಡೆದಂತಾಯಿತು. ಅವರದು ತಪ್ಪೇನೂ ಇರಲಿಲ್ಲ, ನನ್ನ 'ಒಂದೇ' ಎಂಬ ಮಾತಿನ ಬೆಲೆಯನ್ನು ನಾನೇ ಕಳೆದಿದ್ದೆ. ಶಬೀರಣ್ಣ ಹೊರಗೆ ಹೋಗಿ ನೋಡಿ ಬಂದು, "ಒಂದೇ," ಎಂದರು. ಸ್ವಲ್ಪ ಹೊತ್ತಿನಲ್ಲಿ ಬಣ್ಣ ಹೊಡೆಯುವ ಬೂತಿನೊಳಗಿಂದ ಗನ್ನಿನ ಸದ್ದು ಕೇಳಿಸಿತು.

"ನೀನಿನ್ನು ಹೋಗು, ಅಮ್ಮ ಕಾಯ್ತಾಳೆ," ಎಂದರು ಪಪ್ಪ. ಕೈ ಒರೆಸಿಕೊಳ್ಳುತ್ತ, ಸುಲಭದ ದನಿಯಲ್ಲಿ ಸೇರಿಸಿದರು, "ಮಂಗಳವಾರ ಒಂದು ಹಸಿರು ಜೀಪ್ ಬರ್ಲಿಕ್ಕುಂಟು. ಅದರ ಮುಚ್ಚಳ ಮನೆಗೆ ತರ್ತೇನೆ. ತೂಝ್ ಇಲ್ಲದಾಗ ನೋಡುವ, ಆಯ್ತಾ?"

ನಾನು ಎಸೆದ ಸುಳ್ಳನ್ನು ಅವರು ಎರಡೂ ಕೈಯಿಂದ ಹಿಡಿದುಕೊಂಡಿದ್ದರು. ಹಾಗಾದರೆ ಇನ್ನು ದಿನಾ ಟವೆಲಿನ ಗಂಟು. ದಿನಾ ಬಾಲ್ಕನಿ. ಅಮ್ಮ ದಾರ ಕಟ್ಟುತ್ತಾಳೆ, ನಾನು ಕಾರ್ಡು ನೋಡುತ್ತೇನೆ, ಪೊರೆ ದಿನಕ್ಕಿಷ್ಟು ಬೆಳೆಯುತ್ತದೆ. ಬಾಗಿಲ ಬಳಿ ಮೊಳೆಗೆ ಅವರ ಊಟದ ಚೀಲ ನೇತಾಡುತ್ತಿತ್ತು. ಕೈ ಹಾಕಿ ಹಾಳೆಯನ್ನು ತೆಗೆದುಬಿಟ್ಟರೆ ತೂಝೇ ಸತ್ಯವಾಗಿ ಉಳಿಯುತ್ತದೆ. ಇಕಾಮಾ ಹದಿನೈದಕ್ಕೆ ರಿನ್ಯೂ ಆಗುತ್ತದೆ. ಚೀಲದೊಳಗೆ ಕೈ ಹಾಕಿದೆ. ಬೆರಳಿಗೆ ಹಾಳೆಯ ಮಡಿಕೆ ಸಿಕ್ಕಿತು. ಬೂತಿನ ಸದ್ದು ನಿಂತು ಮತ್ತೆ ಶುರುವಾಯಿತು. ಕೈಯನ್ನು ಬರಿದಾಗಿ ಹೊರಗೆಳೆದು, ಹಿಂದೆ ನೋಡದೆ ರಸ್ತೆಗೆ ಬಂದೆ.

ಹನ್ನೆರಡೂವರೆ ಆಯಿತು, ಒಂದಾಯಿತು, ಮೂರಾಯಿತು, ಫೋನ್ ಬರಲಿಲ್ಲ. ಬಚ್ಚಲಿಗೆ ಹೋಗುವಾಗಲೂ ಫೋನ್ ಹಿಡಿದುಕೊಂಡೇ ಹೋದೆ. ಆರು ಗಂಟೆಗೆ ಪಪ್ಪ ಬಂದರು, ಸ್ನಾನ ಮಾಡಿದರು, ಊಟಕ್ಕೆ ಕೂತರು. ಎರಡು ತುತ್ತಿನ ನಂತರ ಹೇಳಿದರು.

"ನಿನ್ನ ಅಕ್ಷರ ತುಂಬಾ ಸಣ್ಣ. ಶಬೀರನ ಹತ್ರ ಓದಿಸ್ಬೇಕಾಯ್ತು."

ಅವರ ಓದುವ ಕನ್ನಡಕ ಬೆಳಿಗ್ಗೆಯಿಂದ ಮನೆಯಲ್ಲೇ, ಟಿ.ವಿ. ಮೇಲಿತ್ತು. ಅದನ್ನೊಂದನ್ನು ನಾನು ಯೋಚಿಸಿಯೇ ಇರಲಿಲ್ಲ.

"ಎಂತ ಅಕ್ಷರ?" ಎಂದಳು ಅಮ್ಮ.

"ಒಬ್ಬನಿಗೆ ಗೊತ್ತಾದ ಮೇಲೆ ಮುಚ್ಚಿಟ್ಟು ಎಂತ ಮಾಡುದು? ಮುದೀರ್‌ನ ಹತ್ರ ನಾನೇ ಹೋಗಿ ಹೇಳಿದೆ. ಕಣ್ಣಲ್ಲಿ ಪೊರೆ ಇರ್ಬೇಕು, ಡಾಕ್ಟ್ರಿಗೆ ತೋರಿಸ್ಬೇಕು ಅಂತ."

ಅಮ್ಮನ ಕೈಯ ಸೌಟು ಪಾತ್ರೆಗೆ ಬಿದ್ದು ಠಣ್ಣೆಂದಿತು. "ಅವ ಎಂತ ಹೇಳಿದ?"

"ಡಾಕ್ಟ್ರ ಕಾಗದ ತಾ, ಆಮೇಲೆ ನೋಡುವ ಅಂದ."

"ನೋಡುವ ಅಂದ್ರೆ?"

"ನೋಡುವ ಅಂದ್ರೆ ನೋಡುವ," ಎಂದು ಪಪ್ಪ ಮಜ್ಜಿಗೆಗೆ ಕೈ ಚಾಚಿದರು.

ಅಮ್ಮ ಆ ರಾತ್ರಿಯಿಂದ ನನ್ನೊಂದಿಗೆ ಮಾತು ಬಿಟ್ಟಳು. ಊಟಕ್ಕೆ ಕರೆಯಬೇಕಾದರೆ ತಟ್ಟೆ ಕುಕ್ಕುತ್ತಿದ್ದಳು. ಸೋಮವಾರ ಅವಳು ಅಲಮಾರಿಯ ಮೇಲಿನ ಸೂಟ್‌ಕೇಸ್ ಇಳಿಸಿ, ಝಿಪ್ ಎಳೆದು ನೋಡಿ, ಮತ್ತೆ ಮೇಲಿಟ್ಟದ್ದನ್ನು ನೋಡಿದೆ. ಡೈರಿ ತೆರೆಯಲಿಕ್ಕೂ ಭಯವಾಯಿತು. ಒಂದು ಹಾಳೆ ಮಾಡಿದ್ದೇ ಸಾಕಿತ್ತು.

ಮಂಗಳವಾರ ಪಪ್ಪನೊಂದಿಗೆ ಕಣ್ಣಿನ ಕ್ಲಿನಿಕ್ಕಿಗೆ ಹೋದೆ. ಹನಿ ಹಾಕಿ, ಅರ್ಧ ಗಂಟೆ ಕೂರಿಸಿ, ಗಲ್ಲವನ್ನು ಒಂದು ಯಂತ್ರದ ಮೇಲೆ ಇಡಿಸಿ ಡಾಕ್ಟರಮ್ಮ ನೋಡಿದರು. ಮಲಯಾಳಿ, ಹಿಂದಿಯಲ್ಲಿ ಮಾತಾಡಿದರು. "ಎರಡೂ ಕಣ್ಣಲ್ಲಿ ಪೊರೆ ಇದೆ. ಲೆನ್ಸ್ ಹಳದಿಯಾಗಿದೆ. ಆಪರೇಶನ್ ಮಾಡಿದರೆ ಸರಿಹೋಗುತ್ತದೆ."

"ಯಾವ ಹಳದಿ?" ಎಂದು ಕೇಳಿದರು ಪಪ್ಪ.

ಡಾಕ್ಟರಮ್ಮ ನಕ್ಕರು. "ಹಳದಿ ಎಂದರೆ ಹಳದಿ. ಯೆಲ್ಲೋ."

"ಹಾಗೆ ಹೇಳಿದ್ರೆ ಆಗುದಿಲ್ಲ," ಎಂದು ಪಪ್ಪ ಕನ್ನಡದಲ್ಲಿ ಗೊಣಗಿ ನನ್ನ ಕಡೆ ತಿರುಗಿದರು. "ನೀನು ನೋಡಿ ಹೇಳು."

ಡಾಕ್ಟರಮ್ಮ ಪರದೆಯನ್ನು ನನ್ನತ್ತ ತಿರುಗಿಸಿದರು. ಪಪ್ಪನ ಬಲಗಣ್ಣು, ತಟ್ಟೆಯಷ್ಟು ದೊಡ್ಡದು, ಅದರ ನಡುವೆ ಬೆಳಕಿನ ಒಂದು ಸೀಳು. ಈ ಸಲ ಸರಿಯಾಗಿ ಹೇಳಬೇಕಿತ್ತು. ತುಂಬ ಹೊತ್ತು ನೋಡಿದೆ.

"ಆಕ್ಸೈಡ್ ಹಳದಿ ಅಲ್ಲ ಪಪ್ಪ. ಅದಕ್ಕಿಂತ ಕಂದು. ಡಬ್ಬದ ತಳದಲ್ಲಿ ವಾರ್ನಿಶ್ ಒಣಗಿ ಉಳಿದಿರ್ತದಲ್ಲ, ಆ ಬಣ್ಣ."

ಪಪ್ಪ ಕಣ್ಣು ಮುಚ್ಚಿಕೊಂಡರು. ಮನಸ್ಸಿನಲ್ಲಿ ಏನನ್ನೋ ಕಲಸುತ್ತಿರುವಂತೆ ಅವರ ಬೆರಳುಗಳು ತೊಡೆಯ ಮೇಲೆ ಅಲ್ಲಾಡಿದವು. "ವಾರ್ನಿಶ್ ಆದ್ರೆ ನೀಲಿಯನ್ನು ಪೂರ್ತಿ ತಿಂದುಹಾಕ್ತದೆ," ಎಂದರು. ಕಣ್ಣು ತೆರೆದು, "ಫೋನ್ ಕೊಡು. ಶಬೀರನಿಗೆ ಹಚ್ಚು."

ಕಾರಿಡಾರಿನಲ್ಲಿ ನಿಂತು ಹಚ್ಚಿಕೊಟ್ಟೆ. ಸ್ಪೀಕರಿನಲ್ಲಿ ಶಬೀರಣ್ಣನೇ ಮೊದಲು ಶುರು ಮಾಡಿದರು. "ಪುರಂದರಣ್ಣ, ನಾನೇ ಮಾಡ್ಲಿಕ್ಕಿದ್ದೆ. ಮಂದೂಬ್ ಬಂದಿದ್ದಾನೆ, ನಿಮ್ಮ ಮೂರು ಜನರ ಪಾಸ್‌ಪೋರ್ಟ್ ಕೇಳ್ತಾ ಇದ್ದಾನೆ."

ಮಂದೂಬ್ ಎಂದರೆ ಸರ್ಕಾರಿ ಕಚೇರಿಗೆ ಕಾಗದ ಒಯ್ಯುವವನು. ರಿನ್ಯೂ ಮಾಡುವುದಕ್ಕೂ ಪಾಸ್‌ಪೋರ್ಟ್ ಬೇಕು, ರದ್ದು ಮಾಡುವುದಕ್ಕೂ ಬೇಕು. ಪಪ್ಪ ಫೋನಿನತ್ತ ಬಾಗಿದರು. "ಎಂತಕ್ಕೆ ಅಂತ ಹೇಳಿದ್ನಾ?"

"ರಿನ್ಯೂ ಮಾಡ್ಲಿಕ್ಕಂತೆ. ಇನ್ಶೂರೆನ್ಸ್ ಕಾಗದವೂ ಬೇಕಂತೆ, ಒಂದು ವರ್ಷದ್ದು. ಆ ಮುದುಕ ಕಾರ್ ತಕ್ಕೊಂಡು ಹೋದ ಅಲ್ವಾ, ಬಾಗಿಲನ್ನು ಕೈಯಲ್ಲಿ ಸವರಿ ಸವರಿ ನೋಡಿದ. ಮುದೀರ್‌ನ ಎದುರೇ."

"ಒಂದೇ ವರ್ಷವಾ? ಯಾವಾಗ್ಲೂ ಎರಡು ಮಾಡ್ತಾರಲ್ಲ."

"ಕಣ್ಣು ಮಾಡಿಸ್ಕೊಂಡು ಬರ್ಲಿ, ಆಮೇಲೆ ಮುಂದಿನದ್ದು ಅಂದನಂತೆ ಮುದೀರ್. ಮಂದೂಬ್ ಒಂದು ಗಂಟೆಗೆ ಹೋಗ್ತಾನೆ, ಬೇಗ ತನ್ನಿ."

ಒಂದು ವರ್ಷ. ಅಷ್ಟರೊಳಗೆ ಎರಡು ಕಣ್ಣು, ಎರಡು ಆಪರೇಶನ್, ಆಮೇಲೆ ಬಣ್ಣ ಮೊದಲಿನಂತೆ ಕಾಣುತ್ತದೆಯೋ ಇಲ್ಲವೋ. ಪಪ್ಪ ಫೋನನ್ನು ಬಾಯಿಯ ಹತ್ತಿರ ಹಿಡಿದರು.

"ಶಬೀರಾ, ಆ ನೀಲಿ ಬಾನೆಟ್ ಉಂಟಲ್ಲ. ನೀನು ದಪ್ಪ ಹೊಡೆದದ್ದಲ್ಲ. ನಾನು ಕಲಸಿದ್ದೇ ತಪ್ಪು."

"ಗೊತ್ತುಂಟು ಪುರಂದರಣ್ಣ."

"ಯಾವಾಗ ಗೊತ್ತಾಯ್ತು?"

"ಆವತ್ತೇ. ಡಬ್ಬ ತೆರೆದಾಗಲೇ."

"ಮತ್ತೆ ಬಾಯಿ ಮುಚ್ಚಿ ಯಾಕೆ ಹೊಡೆದಿ, ನಾಯಿ? ಒಂದು ವಾರ ಬೈಸಿಕೊಂಡು ಯಾಕೆ ಕೂತಿ?"

"ನಿಮಗೆ ಯಾರು ಹೇಳುದು ಮಾರಾಯ್ರೇ," ಎಂದರು ಶಬೀರಣ್ಣ. "ನನಗೆ ಬಣ್ಣ ನೋಡ್ಲಿಕ್ಕೆ ಕಲಿಸಿದ್ದೇ ನೀವು."

ಪಪ್ಪ ಫೋನನ್ನು ನನ್ನ ಕೈಗೆ ಕೊಟ್ಟರು. ಹನಿ ಹಾಕಿದ್ದರಿಂದ ಅವರ ಕಣ್ಣ ಗೊಂಬೆಗಳು ಅಗಲವಾಗಿ ತೆರೆದುಕೊಂಡಿದ್ದವು, ಹೊರಗಿನ ಬಿಸಿಲಿಗೆ ಮುಖವೆತ್ತಲಾಗುತ್ತಿರಲಿಲ್ಲ. ಮೆಟ್ಟಿಲು ಇಳಿಯುವಾಗ ನನ್ನ ಭುಜ ಹಿಡಿದುಕೊಂಡರು, ನೋಯುವಷ್ಟು ಬಿಗಿಯಾಗಿ. ಹನ್ನೊಂದು ಮುಕ್ಕಾಲಾಗಿತ್ತು. ಹವಲ್ಲಿಗೆ ಹೋಗಿ ಪಾಸ್‌ಪೋರ್ಟ್ ತೆಗೆದು ಶುವೈಖಿಗೆ ಮುಟ್ಟಬೇಕು.

"ಅಮ್ಮನಿಗೆ ಈಗಲೇ ಫೋನ್ ಮಾಡು," ಎಂದರು. "ಪಾಸ್‌ಪೋರ್ಟ್ ತೆಗೆದಿಡ್ಲಿ. ಒಂದು ವರ್ಷ ಅಂತ್ಲೇ ಹೇಳು. ಎರಡು ಅನ್ಬೇಡ."